ಗೂಬೆ ಇದ್ದ ಮರ, ಹೂ ಬಿಟ್ಟ ಮರ

ಬೆಂಗಳೂರಿನ ಹಳೇ ಬಡಾವಣೆಯ ಒಂದು ಮನೆ. ದೊಡ್ಡ ಕಾಂಪೌಂಡು, ಒಳಗೆ ಎರಡು ಮರ. ಗೇಟಿನ ಪಕ್ಕ ಗುಲ್‌ಮೊಹರ್. ಏಪ್ರಿಲ್ ಕೊನೆ ಆದ್ದರಿಂದ ಮೈತುಂಬ ಕೆಂಪು ಹೂ. ಹಿತ್ತಿಲ ಕಡೆ ಮಳೆಮರ. ಅದರ ಬೊಡ್ಡೆಯಲ್ಲಿ ಆಳೆತ್ತರಕ್ಕೆ ಒಂದು ಪೊಟರೆ, ಪೊಟರೆಯಲ್ಲಿ ಹಾಲಕ್ಕಿ ಅನ್ನುವ ಪುಟ್ಟ ಗೂಬೆಗಳ ಸಂಸಾರ. ಮನೆಯ ಅಜ್ಜಿ ನನ್ನನ್ನು ಕರೆಸಿದ್ದು ಮಳೆಮರ ಕಡಿಸುವುದಕ್ಕೆ.

"ಒಳಗೆಲ್ಲ ಟೊಳ್ಳು ಕಣಪ್ಪಾ. ಮೇಲಿಂದ ಗೂಬೆ ಬೇರೆ ಬಂದು ಸೇರ್ಕೊಂಡಿದೆ. ಈ ಸಲದ ಮಳೆಗೆ ಮನೆ ಮೇಲೇ ಬೀಳತ್ತೆ. ಗುಲ್‌ಮೊಹರ್ ಮಾತ್ರ ಮುಟ್ಟಬೇಡಿ, ಮನೆಗೆ ಅದೇ ಲಕ್ಷಣ."

ಮರ ನೋಡುವುದು ನನ್ನ ಹೊಟ್ಟೆಪಾಡು. ಆರ್ಬರಿಸ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ಒಳ್ಳೇ ಹೆಸರು ಬಂದಿಲ್ಲ. ಚೀಲದಲ್ಲಿ ಇರುವುದು ಒಂದು ಕೊಡತಿ, ಒಂದು ತೆಳ್ಳನೆಯ ಕಂಬಿ, ಟೇಪು, ದುರ್ಬೀನು, ಅಷ್ಟೇ. ಮುಕ್ಕಾಲು ಕೆಲಸ ಕಣ್ಣಿನದು.

ಬಿದ್ದ ಮರದ ಸುತ್ತ ನಿಂತವರ ಬಾಯಲ್ಲಿ ನಾನು ಯಾವಾಗಲೂ ಕೇಳುವ ಮಾತು ಒಂದಿದೆ: "ನಿನ್ನೆ ತನಕ ಹಸಿರಾಗೇ ಇತ್ತಲ್ಲ!" 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಹೊಯ್ದು ನೂರಾರು ಮರ ಉರುಳಿದಾಗಲೂ ಇದೇ ಮಾತು. ಹಸಿರಾಗಿತ್ತು, ನಿಜ. ಆದರೆ ಮರದ ಆರೋಗ್ಯ ಬೇರೆ, ಗಟ್ಟಿತನ ಬೇರೆ. ತೊಗಟೆಯ ಕೆಳಗಿನ ತೆಳು ಪದರ, ಅದರ ಒಳಗಿನ ಬಿಳಿ ಮರ, ಮರದ ಜೀವ ಇರುವುದು ಇಷ್ಟರಲ್ಲೇ. ನೀರು ಏರುವುದೂ ಈ ಬಿಳಿ ಮರದಲ್ಲೇ. ನಡುವಿನ ಕೆಚ್ಚು ಸತ್ತ ಭಾಗ. ಕೆಚ್ಚೆದೆ ಅಂತ ನಾವು ಹೊಗಳುವುದು ಈ ಕೆಚ್ಚನ್ನು ನೆನೆದೇ, ಆದರೆ ಅದು ಪೂರ್ತಿ ಕೊಳೆತು ಹೋದರೂ ಎಲೆಗೆ ನೀರು ತಲುಪುತ್ತಲೇ ಇರುತ್ತದೆ. ಹೂವೂ ಬಿಡುತ್ತದೆ.

ಹಾಗಾದರೆ ಟೊಳ್ಳು ಮರ ನಿಲ್ಲುವುದು ಹೇಗೆ? ಬಿದಿರು ನಿಲ್ಲುವ ಹಾಗೆ. ಗಾಳಿಗೆ ಬಾಗುವಾಗ ಭಾರ ಹೊರುವುದು ಹೊರಗಿನ ಮರ, ನಡುವಿನದಕ್ಕೆ ಕೆಲಸ ಕಮ್ಮಿ. ಬಾಗುವುದನ್ನು ತಡೆಯುವ ಶಕ್ತಿಯಲ್ಲಿ ಟೊಳ್ಳಿನಿಂದ ಎಷ್ಟು ನಷ್ಟ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಟೊಳ್ಳಿನ ಅಗಲವನ್ನು ಬೊಡ್ಡೆಯ ಅಗಲದಿಂದ ಭಾಗಿಸಿ, ಬಂದದ್ದನ್ನು ನಾಲ್ಕು ಸಲ ಬರೆದು ಒಟ್ಟಿಗೆ ಗುಣಿಸಬೇಕು, ಅಂದರೆ ನಾಲ್ಕನೇ ಘಾತಕ್ಕೆ ಏರಿಸಬೇಕು. ಅರ್ಧ ಅಗಲ ಟೊಳ್ಳಾದರೆ ನಷ್ಟ ಬರೀ 6 ಪರ್ಸೆಂಟ್. 70 ಪರ್ಸೆಂಟ್ ಟೊಳ್ಳಾದರೂ 24 ಪರ್ಸೆಂಟ್. ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಾಗಿರಬೇಕು ಅಂತ ಮತ್ತೆ ಮಾಡಿದ್ದೆ.

ಅಲ್ಲಿಂದ ಮುಂದೆ ಮಾತ್ರ ಪರಿಸ್ಥಿತಿ ಬೇಗ ಹದಗೆಡುತ್ತದೆ. ಗೋಡೆ ತೀರಾ ತೆಳುವಾದರೆ ಬೊಡ್ಡೆ ಮುರಿಯುವ ಮೊದಲೇ ಎಳನೀರಿನ ಸ್ಟ್ರಾ ಥರ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಲೌಸ್ ಮಾಟೆಕ್ ಅನ್ನುವ ಭೌತವಿಜ್ಞಾನಿ ನಿಂತ ಮರ, ಮುರಿದ ಮರಗಳನ್ನು ಅಳೆದು 1990ರ ದಶಕದಲ್ಲಿ ಒಂದು ಗಡಿ ಹೇಳಿದರು: ಉಳಿದಿರುವ ಗಟ್ಟಿ ಗೋಡೆ ಬೊಡ್ಡೆಯ ತ್ರಿಜ್ಯದ ಸುಮಾರು 0.3 ಪಾಲಿಗಿಂತ ಕಮ್ಮಿ ಇರಬಾರದು. ಈ ಗಡಿಯ ಬಗ್ಗೆ ಆಮೇಲೆ ಬೇಕಾದಷ್ಟು ಜಗಳ ಆಗಿದೆ. ಗಿಡ್ಡ ಮರಕ್ಕೂ ಗಾಳಿಗೆ ಒಡ್ಡಿಕೊಂಡ ಎತ್ತರದ ಮರಕ್ಕೂ ಒಂದೇ ಸಂಖ್ಯೆ ಹೇಗೆ ಹೊಂದುತ್ತದೆ, ಅಲ್ವಾ? ನಾನು ಅದನ್ನು ಎಚ್ಚರಿಕೆ ಗಂಟೆ ಅಂತ ಇಟ್ಟುಕೊಂಡಿದ್ದೇನೆ, ತೀರ್ಪು ಅಂತ ಅಲ್ಲ.

ಅಜ್ಜಿಯ ಮಳೆಮರವನ್ನು ಕೊಡತಿಯಿಂದ ತಟ್ಟುತ್ತಾ ಒಂದು ಸುತ್ತು ಬಂದೆ. ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿ ಇದ್ದ ಕಡೆ ಟಕ್ ಅಂತ ಚಿಕ್ಕ ಸದ್ದು, ಟೊಳ್ಳಿನ ಕಡೆ ಮದ್ದಳೆಯ ಹಾಗೆ ಧಿಂ. ಹಾಲಕ್ಕಿಯೊಂದು ತಲೆ ಹೊರಗೆ ಹಾಕಿ ಗುರಾಯಿಸಿ ಒಳಗೆ ಹೋಯಿತು. ಬೊಡ್ಡೆಯ ಸುತ್ತಳತೆ 314 ಸೆಂಟಿಮೀಟರ್, ಅಂದರೆ ತ್ರಿಜ್ಯ 50. ಕಂಬಿ ತೂರಿಸಿ ಅಳೆದರೆ ಅತಿ ತೆಳು ಅನ್ನಿಸಿದ ಕಡೆಯೂ ಗೋಡೆ 20 ಸೆಂಟಿಮೀಟರ್ ಇತ್ತು. ತ್ರಿಜ್ಯದ 0.4 ಪಾಲು, ಮಾಟೆಕ್ ಗಡಿಗಿಂತ ಮೇಲೆ. ಟೊಳ್ಳು ಅಗಲದ 60 ಪರ್ಸೆಂಟ್, ನಷ್ಟ ಸುಮಾರು 13 ಪರ್ಸೆಂಟ್. ಪೊಟರೆಯ ಬಾಯಿ ದೊಡ್ಡದಾಗಿದ್ದರೆ ಈ ಲೆಕ್ಕ ನಡೆಯುತ್ತಿರಲಿಲ್ಲ, ಸೀಳಿದ ಕೊಳವೆ ಕೊಳವೆಯಷ್ಟು ಗಟ್ಟಿ ಇರುವುದಿಲ್ಲ. ಇಲ್ಲಿ ಬಾಯಿ ಅಂಗೈ ಅಗಲ. ಅದರ ಸುತ್ತ ಮರ ದಪ್ಪನೆಯ ತುಟಿಯ ಹಾಗೆ ಬೆಳೆದಿತ್ತು.

ಆ ತುಟಿ ಮುಖ್ಯ. ಮರಕ್ಕೆ ಗಾಯ ಮಾಯುವುದಿಲ್ಲ. ನಮ್ಮ ಚರ್ಮದ ಹಾಗೆ ಹಾಳಾದ ಜಾಗವನ್ನು ಅದು ಮತ್ತೆ ಕಟ್ಟಲಾರದು. ಬದಲಿಗೆ ಆ ಭಾಗಕ್ಕೆ ಬೇಲಿ ಹಾಕಿ ಹೊರಗಿನಿಂದ ಹೊಸ ಮರ ಬೆಳೆಸುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ. ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಅವರು ಕೊಳೆತ ಹರಡದಂತೆ ಮರದೊಳಗೆ ತಡೆಯುವ ನಾಲ್ಕು ಗೋಡೆಗಳ ಲೆಕ್ಕ ಕೊಟ್ಟರು. ಮೇಲೆ-ಕೆಳಗೆ ತಡೆಯುವ ಗೋಡೆ ಬಲು ದುರ್ಬಲ, ಅದಕ್ಕೇ ಕೊಳೆತ ಉದ್ದುದ್ದಕ್ಕೆ ಓಡುತ್ತದೆ. ಒಳಕ್ಕೆ ಮತ್ತು ಪಕ್ಕಕ್ಕೆ ತಡೆಯುವ ಗೋಡೆಗಳು ಪರವಾಗಿಲ್ಲ. ಎಲ್ಲಕ್ಕಿಂತ ಗಟ್ಟಿ ನಾಲ್ಕನೆಯದು, ಗಾಯ ಆದ ಮೇಲೆ ಮರ ಹೊಸದಾಗಿ ಕಟ್ಟುವ ಗೋಡೆ. ಗಾಯ ಆದ ದಿನ ಇದ್ದ ಮರ ಕೊಳೆಯಬಹುದು, ಆಮೇಲೆ ಬೆಳೆದದ್ದು ಸಾಮಾನ್ಯವಾಗಿ ಕೊಳೆಯುವುದಿಲ್ಲ. ಆದ್ದರಿಂದ ಟೊಳ್ಳಿನ ಅಗಲ ನೋಡಿ, ಪೆಟ್ಟು ಬಿದ್ದಾಗ ಮರ ಎಷ್ಟು ದಪ್ಪ ಇತ್ತು ಅಂತ ಹೇಳಬಹುದು.

ಪೊಟರೆಗೆ ಸಿಮೆಂಟ್ ತುಂಬುವುದು, ಕಡಿದ ಕೊಂಬೆಗೆ ಟಾರು ಬಳಿಯುವುದು ಎಲ್ಲಾ ಇದರಿಂದಲೇ ವ್ಯರ್ಥ ಅಂತ ಗೊತ್ತಾದದ್ದು. ತೆಂಗಿಗಂತೂ ಈ ಹೊಸ ಗೋಡೆಯ ಭಾಗ್ಯವೂ ಇಲ್ಲ. ಹತ್ತುವುದಕ್ಕೆ ಮೆಟ್ಟಿಲು ಕಡಿದ ಕಚ್ಚು ಅದರ ಮೈಮೇಲೆ ಕೊನೇವರೆಗೂ ಹಾಗೇ ಇರುತ್ತದೆ.

ಮಳೆಮರ ಮುಗಿಸಿ ಗುಲ್‌ಮೊಹರ್ ಹತ್ತಿರ ಬಂದೆ. ಅಜ್ಜಿ "ಅದನ್ನ್ಯಾಕೆ ನೋಡ್ತೀಯ" ಅಂದರು. ಸುಮ್ನೆ ಒಂದು ಸಲ ಅಂದೆ.

ಮೊದಲು ಕಂಡದ್ದು ಕವಲು. ಎರಡು ದಪ್ಪ ಕೊಂಬೆಗಳು ಕೈ ಮುಗಿದ ಹಾಗೆ ಒತ್ತಾಗಿ ಮೇಲೆದ್ದಿದ್ದವು. ಅಗಲವಾಗಿ ತೆರೆದುಕೊಂಡ ಕವಲಿನಲ್ಲಿ ಎರಡೂ ಕಡೆಯ ಮರ ಹೆಣೆದುಕೊಳ್ಳುತ್ತದೆ. ಹೀಗೆ ಕಿರಿದಾಗಿದ್ದರೆ ನಡುವೆ ತೊಗಟೆ ಸಿಕ್ಕಿಹಾಕಿಕೊಂಡು ಬೆಸುಗೆಯೇ ಆಗುವುದಿಲ್ಲ. ಕವಲಿನ ಎರಡೂ ಬದಿ ಕಿವಿಯ ಹಾಗೆ ಉಬ್ಬಿತ್ತು. ಮಾಟೆಕ್ ಹೇಳಿದ ದೊಡ್ಡ ಮಾತು ಇದೇ: ಎಲ್ಲಿ ಎಳೆತ ಜಾಸ್ತಿಯೋ ಅಲ್ಲಿ ಮರ ಹೆಚ್ಚು ಬೆಳೆಸಿ ಬಲ ಕೊಡುತ್ತದೆ. ಅಂದರೆ ಉಬ್ಬು ಕಂಡರೆ ಒಳಗೆ ಏನೋ ಕೊರತೆ ಇದೆ ಅಂತ ಅನುಮಾನ ಪಡಬೇಕು.

ಆದರೆ ಎಲ್ಲಾ ಕೊಳೆತವೂ ಹೀಗೆ ಸುಳಿವು ಕೊಡುವುದಿಲ್ಲ. ಕೆಲವು ಅಣಬೆಗಳು ಮರಕ್ಕೆ ಗಡಸು ಕೊಡುವ ಲಿಗ್ನಿನ್ ತಿಂದು ಅದನ್ನು ನಾರುನಾರಾಗಿ ಮೆತ್ತಗೆ ಮಾಡುತ್ತವೆ. ಮೆತ್ತಗಾದ ಜಾಗ ಬಾಗುತ್ತದೆ, ಮರಕ್ಕೆ ಗೊತ್ತಾಗಿ ಅಲ್ಲಿ ಉಬ್ಬುತ್ತದೆ. ಇನ್ನು ಕೆಲವು ಮರದ ನಾರಾದ ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಡುತ್ತವೆ. ಉಳಿಯುವುದು ಕಂದು ಬಣ್ಣದ, ಬಿಸ್ಕತ್ತಿನಂಥ ಮರ. ಅದು ಬಾಗುವುದೇ ಇಲ್ಲ. ಒಂದು ದಿನ ಪಟ್ ಅಂತ ಮುರಿಯುತ್ತದೆ.

ಬುಡದ ಹತ್ತಿರ ಮಂಡಿಯೂರಿ ಕೂತೆ. ಒಣಗಿದ ಹೂವು, ಎಲೆ ಸರಿಸಿದರೆ ರಸ್ತೆ ಕಡೆ ಒಂದು ಅಣಬೆ, ಮೊರದ ಅಂಚಿನ ಹಾಗೆ ಬುಡಕ್ಕೆ ಅಂಟಿಕೊಂಡಿತ್ತು. ಮೇಲೆ ವಾರ್ನಿಷ್ ಹೊಡೆದಂಥ ಹೊಳಪು, ಅಂಚು ಬಿಳಿ, ಸುತ್ತ ಕೋಕೋ ಪುಡಿಯಂಥ ಧೂಳು. ಗ್ಯಾನೋಡರ್ಮಾ. ಅಡಿಕೆ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಿಲ್ಲ, ತೋಟದ ಅಣಬೆ ರೋಗಕ್ಕೆ ಕಾರಣ ಇದೇ ಬಳಗ. ಕಣ್ಣಿಗೆ ಕಾಣುವ ಅಣಬೆ ಬರೀ ಕಾಯಿ, ಅದರ ನಿಜವಾದ ಮೈ ಬೇರು-ಬುಡದ ಒಳಗೆ ಎಳೆಎಳೆಯಾಗಿ ಹರಡಿರುತ್ತದೆ. ಕಾಯಿ ಹೊರಬರುವ ಹೊತ್ತಿಗೆ ಒಳಗೆ ವರ್ಷಗಟ್ಟಲೆ ಊಟ ಆಗಿರುತ್ತದೆ.

ಕಾಂಪೌಂಡು ಗೋಡೆಯ ಆಚೆ ಚರಂಡಿ. ಅದನ್ನು ತೋಡಿದಾಗ ರಸ್ತೆ ಕಡೆಯ ಬೇರುಗಳನ್ನೆಲ್ಲ ಕತ್ತರಿಸಿದ್ದರು. ಗುಲ್‌ಮೊಹರ್ ಬೇರು ಆಳಕ್ಕೆ ಹೋಗುವುದಕ್ಕಿಂತ ಅಗಲಕ್ಕೆ ಹರಡುವುದೇ ಜಾಸ್ತಿ, ಒಂದು ಕಡೆಯದು ಹೋದರೆ ಡೇರೆಯ ಒಂದು ಬದಿಯ ಹಗ್ಗ ಕಳಚಿದ ಹಾಗೆ. ಮರ ಮನೆಯ ಕಡೆ ವಾಲಿತ್ತು. ವಾಲಿದ್ದೇ ತಪ್ಪಲ್ಲ. ಕರಾವಳಿಯ ತೆಂಗು ವಾಲಿ ಆಮೇಲೆ ಮೇಲಕ್ಕೆ ತಿರುಗಿಕೊಂಡಿರುತ್ತದೆ, ಅದು ಹಳೇ ವಾಲು, ಮರ ಅದಕ್ಕೆ ಹೊಂದಿಕೊಂಡಿದೆ. ಇಲ್ಲಿ ಬುಡದಿಂದ ತುದಿವರೆಗೆ ಒಂದೇ ಗೆರೆ. ಗೋಡೆ ಕಡೆಯ ಮಣ್ಣಿನಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು. ಬೆರಳು ಹಾಕಿದೆ, ಅಂಚು ಇನ್ನೂ ಚೂಪಾಗಿತ್ತು. ಹೊಸದು.

"ಅಜ್ಜಿ, ಕಡಿಯಬೇಕಾದ್ದು ಇದು."

ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ಸ್ವಂತ ಕಾಂಪೌಂಡಿನ ಮರಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅದು ಬರುವ ತನಕ ಕಾರು ಬೇರೆ ಕಡೆ ನಿಲ್ಲಿಸಿ, ಗೇಟಿನ ಹತ್ತಿರ ಮಕ್ಕಳನ್ನು ಆಡಿಸಬೇಡಿ ಅಂದೆ. ಮಳೆಮರದಲ್ಲಿ ಸೂರಿನ ಮೇಲೆ ಚಾಚಿದ್ದ ಒಂದು ಉದ್ದ ಕೊಂಬೆಯ ಭಾರ ಇಳಿಸಿದೆವು, ಅಷ್ಟೇ. ಹಾಲಕ್ಕಿಗಳಿಗೆ ತೊಂದರೆ ಆಗಲಿಲ್ಲ.

ಗುಲ್‌ಮೊಹರ್ ಉರುಳಿಸಿದ ದಿನ ಅಜ್ಜಿ ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಿದ್ದರು. ಬೊಡ್ಡೆಯ ಕಡಿತದಲ್ಲಿ ನಡುವೆ ಮೆತ್ತಗಾದ ಮರ, ಸುತ್ತ ಕಪ್ಪು ಗೆರೆ, ಗೆರೆಯ ಆಚೆ ಬಿಳಿ ಗಟ್ಟಿ ಮರ. ರಸ್ತೆ ಕಡೆ ಮಾತ್ರ ಗೆರೆ ಒಡೆದು ಕೊಳೆತ ತೊಗಟೆವರೆಗೂ ಬಂದಿತ್ತು.

"ಚರಂಡಿ ತೋಡಿದಾಗ ಮರ ಈ ಗೆರೆಯಷ್ಟು ದಪ್ಪ ಇದ್ದಿರಬೇಕು," ಅಂತ ತೋರಿಸಿದೆ.

ಅಜ್ಜಿ ಬಗ್ಗಿ ಗೆರೆಯ ಮೇಲೆ ಗೇಣು ಹಾಕಿದರು. ಒಂದು ಗೇಣು, ಮೇಲೆ ಎರಡು ಬೆರಳು.

"ಹೌದು, ಇಷ್ಟೇ ಇತ್ತು. ನನ್ನ ಮಗಳು ಇದನ್ನ ತಬ್ಕೊಂಡು ಸುತ್ತು ತಿರುಗೋಳು," ಅಂದರು. ಆಮೇಲೆ ಕೆಲಸದವರಿಗೆ ಕಾಫಿ ತರಲು ಒಳಗೆ ಹೋದರು.