ಬಯೋಡೇಟಾದ ಮೂರನೇ ಸಾಲು

ಕಳೆದ ಬೇಸಿಗೆಯಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಉದ್ಯೋಗ ತರಬೇತಿ ಶಿಬಿರದಲ್ಲಿ ಮಕ್ಕಳ ಬಯೋಡೇಟಾ ತಿದ್ದುತ್ತಾ ಕೂತಿದ್ದೆ. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳ ಹಾಳೆ ಕೈಗೆ ಬಂತು. ಅಚ್ಚುಕಟ್ಟಾಗಿತ್ತು. ಟ್ಯಾಲಿ ಕಲಿತಿದ್ದಳು, ಒಂದು ಅಂಗಡಿಯಲ್ಲಿ ಎಂಟು ತಿಂಗಳು ಬಿಲ್ಲಿಂಗ್ ನೋಡಿಕೊಂಡಿದ್ದಳು. ಮೊದಲ ಸಾಲಿನಲ್ಲಿ ಅವಳ ಹೆಸರು, ಎರಡನೆಯದರಲ್ಲಿ ಅಪ್ಪನ ಹೆಸರು, ಮೂರನೆಯದರಲ್ಲಿ ವಿಳಾಸ. ಆ ವಿಳಾಸದಲ್ಲಿ ‘ಕೊರಗ ಕಾಲನಿ’ ಎಂದಿತ್ತು. ಕೊರಗರು ನಮ್ಮ ಕಡೆಯ ಒಂದು ಪರಿಶಿಷ್ಟ ವರ್ಗದವರು.

ನಾನು ಪೆನ್ಸಿಲ್‌ನಿಂದ ಅದರ ಕೆಳಗೆ ಗೆರೆ ಎಳೆದು, “ಇದು ಬೇಡಮ್ಮ, ಊರಿನ ಹೆಸರು ಸಾಕು” ಎಂದೆ. ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ, “ತೆಗೆದರೆ ಕಾಗದ ಬರುವುದು ಹೇಗೆ ಟೀಚರೇ? ಪೋಸ್ಟಿನವರಿಗೆ ನಮ್ಮ ಮನೆ ಗೊತ್ತಿರುವುದೇ ಹಾಗೆ ಅಲ್ವಾ?” ಎಂದಳು.

ಅವಳು ಕೇಳಿದ್ದು ನ್ಯಾಯ. ಆದರೆ ನಾನು ಯಾಕೆ ಗೆರೆ ಎಳೆದೆ ಎನ್ನುವುದನ್ನು ಹೇಳಬೇಕು. ನಾನು ಮಂಗಳೂರಿನಲ್ಲಿ 14 ವರ್ಷ ಎಚ್‌ಆರ್ ಕೆಲಸ ಮಾಡಿದವಳು. ಒಂದು ಅಕೌಂಟ್ಸ್ ಹುದ್ದೆಗೆ ನೂರೈವತ್ತು ಅರ್ಜಿ ಬಂದಿರುತ್ತವೆ. ಮಧ್ಯಾಹ್ನದ ಊಟದೊಳಗೆ ಹತ್ತು ಆರಿಸಿ ಕೊಡಬೇಕು. ಒಂದು ಹಾಳೆಗೆ ಒಂದು ನಿಮಿಷ ಸಿಕ್ಕಿದರೆ ಹೆಚ್ಚು. ಕಣ್ಣು ಅಂಕಗಳಿಗೆ ಹೋಗುವ ಮೊದಲೇ ಹೆಸರು, ಅಪ್ಪನ ಹೆಸರು, ಊರು ಎಲ್ಲ ಕಂಡಾಗಿರುತ್ತದೆ. ಈ ಜಾತಿಯವರು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಇವರು ನಮ್ಮಲ್ಲಿ ಹೊಂದಿಕೊಳ್ಳಲಿಕ್ಕಿಲ್ಲ” ಎನ್ನುತ್ತಾರೆ. “ಪಕ್ಕಕ್ಕಿಡಿ, ಆಮೇಲೆ ನೋಡೋಣ” ಎನ್ನುತ್ತಾರೆ. ಪಕ್ಕಕ್ಕಿಟ್ಟ ಆ ರಾಶಿಯನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ನಾನೂ ಆ ರಾಶಿಗೆ ಹಾಳೆ ಸೇರಿಸಿದ್ದೇನೆ. ಒಂದೊಂದು ಹಾಳೆಯ ಹಿಂದೆಯೂ ಒಂದು ಮನೆಯಿತ್ತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದು ನಮ್ಮ ಕಡೆಯದ್ದೇ ರೋಗವೇನೂ ಅಲ್ಲ. ಅಮೆರಿಕದಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಥಿಲ್ ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಅರ್ಜಿ ಕಳಿಸಿದ್ದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅರ್ಜಿಗಳ ಮೇಲೆ ಹಾಕಿದ್ದೆಲ್ಲ ಕಲ್ಪಿತ ಹೆಸರುಗಳು. ಕೆಲವು ಬಿಳಿಯರ ಹೆಸರು ಅನ್ನಿಸುವಂಥವು, ಕೆಲವು ಕರಿಯರದ್ದು ಅನ್ನಿಸುವಂಥವು. ಓದು, ಅನುಭವ ಎರಡೂ ಕಡೆ ಸರಿಸಮ. ಬಿಳಿಯರ ಹೆಸರಿಗೆ ಹತ್ತು ಅರ್ಜಿಗೆ ಒಂದು ಕರೆ ಬಂದರೆ, ಕರಿಯರ ಹೆಸರಿಗೆ ಹದಿನೈದು ಅರ್ಜಿಗೆ ಒಂದು. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಓದು, ಅನುಭವ ಜಾಸ್ತಿ ತೋರಿಸಿದಾಗ ಬಿಳಿಯರ ಹೆಸರಿನವರಿಗೆ ಕರೆಗಳು ಚೆನ್ನಾಗಿ ಹೆಚ್ಚಿದವು. ಕರಿಯರ ಹೆಸರಿಗೆ ಅಷ್ಟು ಹೆಚ್ಚಲಿಲ್ಲ. ‘ಇನ್ನೊಂದು ಕೋರ್ಸ್ ಮಾಡು, ಕೆಲಸ ಸಿಗುತ್ತದೆ’ ಎಂದು ನಾವು ಮಕ್ಕಳಿಗೆ ಹೇಳುವುದು ಎಲ್ಲ ಮಕ್ಕಳ ಮಟ್ಟಿಗೂ ನಿಜವಲ್ಲ ಎಂದಾಯಿತಲ್ಲ.

ನಮ್ಮ ದೇಶದಲ್ಲೂ ಇಂಥದ್ದೇ ಪರೀಕ್ಷೆ ನಡೆದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ಸಂಶೋಧಕರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಅರ್ಜಿ ಹಾಕಿ ನೋಡಿ, 2007ರಲ್ಲಿ ಬರೆದರು. ಮೇಲುಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಬರೀ ಹೆಸರಿನಿಂದ ಇಷ್ಟು.

ನಮ್ಮ ಕಾಸರಗೋಡಿನಲ್ಲಿ ಹೆಸರಿನ ಜೊತೆ ವಿಳಾಸವೂ ಮಾತಾಡುತ್ತದೆ. 2024ರ ಜೂನ್‌ನಲ್ಲಿ ಕೇರಳದ ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗಗಳ ಸಚಿವರಾಗಿದ್ದ ಕೆ. ರಾಧಾಕೃಷ್ಣನ್ ಅಧಿಕಾರ ಬಿಡುವ ಮೊದಲು ಹೊರಡಿಸಿದ ಆದೇಶ ನೆನಪಿರಬಹುದು. ಪರಿಶಿಷ್ಟರು ಇರುವ ಜಾಗಗಳಿಗೆ ‘ಕಾಲನಿ’ ಎನ್ನುವುದು ಬೇಡ, ನಗರ, ಉನ್ನತಿ, ಪ್ರಕೃತಿ ಎಂಬಂಥ ಹೆಸರು ಇರಲಿ ಎಂದು ಅದರಲ್ಲಿತ್ತು. ಒಳ್ಳೆಯ ಕೆಲಸ. ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಇದೆ. ಆ ಹುಡುಗಿಯ ಮನೆಗೆ ಕಾಗದ ಬರುವುದೂ ಹಳೆಯ ಹೆಸರಿಗೇ.

ಇನ್ನೊಂದು ಅಡ್ಡಿ ಇದೆ, ಅದು ಬಯೋಡೇಟಾದಲ್ಲಿ ಕಾಣುವುದಿಲ್ಲ. ನಮ್ಮ ಕಡೆ ಎಷ್ಟೋ ಕೆಲಸಗಳು ಜಾಹೀರಾತಿಗೇ ಬರುವುದಿಲ್ಲ. ಮಾವ ಗಲ್ಫ್‌ನಲ್ಲಿದ್ದಾರೆ, ಭಾವ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ, ನೆರೆಮನೆಯವರು ಜವಳಿ ಅಂಗಡಿಯಲ್ಲಿ ಮ್ಯಾನೇಜರ್. “ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ” ಎಂದು ಒಂದು ಫೋನ್ ಬರುತ್ತದೆ, ಕೆಲಸ ಭರ್ತಿಯಾಗುತ್ತದೆ. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು ಬದುಕಿದ ಮನೆಗೆ ಆ ಫೋನ್ ಯಾರು ಮಾಡುತ್ತಾರೆ? ಪ್ಲಾಸ್ಟಿಕ್ ಬಂದು ಬುಟ್ಟಿಯ ವ್ಯಾಪಾರವೂ ಕುಸಿಯಿತು. ಮೊದಲ ಸಲ ಡಿಗ್ರಿ ಮಾಡಿದ ಮಗುವಿಗೆ ದಾರಿ ತೋರಿಸಲು ಕುಟುಂಬದಲ್ಲಿ ಹಿಂದೆ ಆ ದಾರಿಯಲ್ಲಿ ಹೋದವರೇ ಇಲ್ಲ.

ಇಂಟರ್‌ವ್ಯೂವರೆಗೆ ಹೋದರೆ ಭಾಷೆಯ ಕಷ್ಟ. ಈ ಹುಡುಗಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಇಂಟರ್‌ವ್ಯೂನಲ್ಲಿ ಮಾತ್ರ ಇಂಗ್ಲಿಷ್. ನಾಲ್ಕನೇ ಭಾಷೆಯಲ್ಲಿ ತಡವರಿಸಿದ ಮಗುವಿನ ಹಾಳೆಯ ಮೇಲೆ ‘ಕಮ್ಯುನಿಕೇಶನ್ ಸಾಲದು’ ಎಂದು ಬರೆಯುತ್ತಾರೆ. ಬಿಲ್ಲಿಂಗ್ ಕೌಂಟರಿಗೆ ಬರುವ ಗಿರಾಕಿಗಳು ಮಾತಾಡುವುದು ಅವಳಿಗೆ ಬರುವ ಆ ಮೂರು ಭಾಷೆಗಳನ್ನೇ.

ಕಾನೂನು ಇಲ್ಲವೇ ಎಂದು ಕೇಳುತ್ತಾರೆ. ಸಂವಿಧಾನದ 16(2)ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಊರು, ವಾಸದ ಜಾಗ ನೋಡಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದು ಸರ್ಕಾರಿ ಕೆಲಸದ ಮಾತು. ಖಾಸಗಿಯವರು ಆಳು ಆರಿಸುವಾಗ ಜಾತಿ, ಜನಾಂಗ ನೋಡಬಾರದು ಎನ್ನುವ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಬರಬೇಕು. ಆದರೆ ಅಮೆರಿಕದಲ್ಲಿ ಅಂಥ ಕಾನೂನು 1964ರಲ್ಲೇ ಬಂದಿದೆ, ನಾನು ಮೇಲೆ ಹೇಳಿದ ಪರೀಕ್ಷೆ ನಡೆದದ್ದು ಅದಾಗಿ ಸುಮಾರು 40 ವರ್ಷದ ಮೇಲೆ. ಹಾಗಾಗಿ ಅರ್ಜಿ ಆರಿಸುವ ಮೇಜಿನ ಮೇಲಿನ ಪದ್ಧತಿಯೇ ಬದಲಾಗಬೇಕು ಎಂದು ನಾನು ಪಟ್ಟು ಹಿಡಿಯುವುದು.

ಅದಕ್ಕೆ ದುಡ್ಡು ಬೇಡ. ಅರ್ಜಿ ತೆರೆಯುವ ಮೊದಲೇ ಈ ಕೆಲಸಕ್ಕೆ ಏನೇನು ಬರಬೇಕು ಎಂದು ಬರೆದಿಟ್ಟುಕೊಳ್ಳಿ. ಟ್ಯಾಲಿ, ಬಿಲ್ಲಿಂಗ್, ಎರಡು ಭಾಷೆ, ಅಷ್ಟೇ ಅಂದರೆ ಅಷ್ಟೇ. ಹೆಸರು ವಿಳಾಸ ಇರುವ ಮೇಲಿನ ಭಾಗವನ್ನು ಬೇರೆಯವರಿಂದ ಮಡಚಿಸಿ, ಪಿನ್ ಹಾಕಿಸಿ, ನಂಬರ್ ಕೊಡಿಸಿ. ಆರಿಸುವವರ ಕೈಗೆ ನಂಬರ್ ಮಾತ್ರ ಬರಲಿ. ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಪ್ರತಿ ಉತ್ತರಕ್ಕೂ ಆಗಲೇ ಅಂಕ ಹಾಕಿ, ಕೊನೆಗೆ ಒಟ್ಟಿಗೆ ಹಾಕಲು ಹೋಗಬೇಡಿ. ಕೊನೆಯಲ್ಲಿ ಹಾಕುವ ಅಂಕದಲ್ಲಿ ‘ಯಾಕೋ ಹಿಡಿಸಲಿಲ್ಲ’ ಎನ್ನುವುದು ಸೇರಿಬಿಡುತ್ತದೆ. “ನಿಮ್ಮವರು ಯಾರಿದ್ದಾರೆ ಇಲ್ಲಿ?”, “ಅಪ್ಪ ಏನು ಮಾಡುತ್ತಾರೆ?” ಈ ಎರಡು ಪ್ರಶ್ನೆ ಬಿಟ್ಟುಬಿಡಿ. ಬಿಲ್ ಬರೆಯಲು ಅಪ್ಪನ ಕೆಲಸ ಯಾಕೆ ಬೇಕು?

ಒಂದು ಮಧ್ಯಮ ಗಾತ್ರದ ಅಂಗಡಿಯವರು ನನ್ನ ಮಾತಿಗೆ ಒಪ್ಪಿ ಹೀಗೆ ಮಡಚಿ ನೋಡಿದರು. ಆರಿಸಿದ ಮೇಲೆ ಪಿನ್ ತೆಗೆದಾಗ ಮಾಲೀಕರು ಒಂದು ಹಾಳೆ ಹಿಡಿದು ಬಹಳ ಹೊತ್ತು ಕೂತರು. “ಮೊದಲಾದರೆ ಇದನ್ನು ನಾನು ಕರೆಯುತ್ತಿರಲಿಲ್ಲ” ಎಂದರು. ಅವರು ಕೆಟ್ಟವರಲ್ಲ. ಯಾವತ್ತೂ ಆಗಿರಲಿಲ್ಲ.

ಕೆಲಸ ಹುಡುಕುವ ಮಕ್ಕಳಿಗೆ ಸದ್ಯಕ್ಕೆ ಇಷ್ಟು. ಬಯೋಡೇಟಾಕ್ಕೆ ಹೆಸರು, ಊರು, ಫೋನ್, ಇಮೇಲ್ ಸಾಕು. ಅಪ್ಪನ ಹೆಸರು, ಜಾತಿ, ಧರ್ಮ, ಮದುವೆ, ಫೋಟೋ ಬೇಕಿಲ್ಲ. ಪೂರ್ತಿ ವಿಳಾಸ ಕೆಲಸ ಸಿಕ್ಕಿದ ಮೇಲೆ ಫಾರ್ಮ್‌ನಲ್ಲಿ ಕೊಟ್ಟರಾಯಿತು. ಮೀಸಲಾತಿಯ ಸರ್ಕಾರಿ ಅರ್ಜಿ ಬೇರೆ, ಅಲ್ಲಿ ಎಲ್ಲವನ್ನೂ ಸರ್ಟಿಫಿಕೇಟಿನಲ್ಲಿದ್ದ ಹಾಗೆಯೇ ತುಂಬಿ.

ಇದನ್ನೆಲ್ಲ ಆ ಹುಡುಗಿಗೂ ಹೇಳಿದೆ. ಅವಳು ಅಪ್ಪನ ಹೆಸರಿನ ಸಾಲು ತೆಗೆದಳು. ವಿಳಾಸವನ್ನು ತೆಗೆಯಲಿಲ್ಲ. “ನಾನು ಅಲ್ಲಿಯವಳೇ ಅಲ್ವಾ ಟೀಚರೇ” ಎಂದಳು. ನಾನು ರಬ್ಬರ್ ತೆಗೆದುಕೊಂಡು ಆ ಪೆನ್ಸಿಲ್ ಗೆರೆಯನ್ನು ಅಳಿಸಿಕೊಟ್ಟೆ. ಆ ಹಾಳೆ ಈಗ ಮಂಗಳೂರಿನ ಮೂರು ಕಡೆ, ಕಾಸರಗೋಡಿನ ಎರಡು ಕಡೆ ಹೋಗಿದೆ. ಅದು ಯಾರ ಮೇಜಿಗೆ ಬರುತ್ತದೋ ಅವರು ಇದನ್ನು ಓದುತ್ತಿದ್ದರೆ, ಮೇಲಿನ ಎರಡು ಸಾಲು ಮಡಚಿ ಮೂರನೆಯದರಿಂದ ಓದಿ. ಅಲ್ಲಿಂದ ಅವಳ ಅಂಕಗಳು ಶುರುವಾಗುತ್ತವೆ.