ಕಟ್ ಇಲ್ಲದ ಶಾಟ್‌ನಲ್ಲಿ ಎಷ್ಟು ಕಟ್?

ಅಂಧೇರಿಯ ನನ್ನ ಎಡಿಟಿಂಗ್ ರೂಮಿಗೆ ಆಕ್ಷನ್ ಸಿನಿಮಾ ಮಾಡುವ ಹೊಸ ಹುಡುಗರು ಬಂದರೆ, ಮೊದಲ ಚಹಾ ಮುಗಿಯುವ ಮೊದಲೇ ಆ ಮಾತು ಬಂದೇ ಬರುತ್ತದೆ. "ಸಾರ್, ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಇದೆಯಲ್ಲ, 12 ನಿಮಿಷ ಒಂದೂ ಕಟ್ ಇಲ್ಲದ ಶಾಟ್, ಅಂಥದ್ದೊಂದು ನಮಗೂ ಬೇಕು." 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಅಂತ ಊರೆಲ್ಲ ಮನೆಯೊಳಗೆ ಕೂತಿದ್ದಾಗ ನೆಟ್‌ಫ್ಲಿಕ್ಸ್‌ಗೆ ಬಂದ ಸಿನಿಮಾ ಅದು. ದುಡ್ಡಿಗಾಗಿ ಬಂದೂಕು ಹಿಡಿಯುವ ಟೈಲರ್ ರೇಕ್, ಢಾಕಾದಲ್ಲಿ ಒತ್ತೆಯಾಳಾದ ಮುಂಬೈ ಡ್ರಗ್ ದೊರೆಯ ಮಗ ಓವಿ. ಕಥೆ ಇಷ್ಟು ನೆನಪಿದ್ದರೆ ಸಾಕು.

ನನ್ನ ತಕರಾರು ಒಂದೇ. ಆ 12 ನಿಮಿಷದಲ್ಲಿ ಕಟ್ ಇಲ್ಲ ಅನ್ನುವುದು ಸುಳ್ಳು. ಬೇಕಾದಷ್ಟಿವೆ. ಕಾಣುವುದಿಲ್ಲ, ಅಷ್ಟೇ.

ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಎಷ್ಟು ಸಲ ಹೇಳಿದರೂ ಇದೊಂದು ಯಾರ ತಲೆಗೂ ಹೋಗುವುದಿಲ್ಲ. ಕ್ಯಾಮೆರಾ ಸರ್ರನೆ ಎಡದಿಂದ ಬಲಕ್ಕೆ ತಿರುಗುತ್ತದೆ, ಕೆಲವು ಫ್ರೇಮ್ ಎಲ್ಲ ಕಲಸಿಹೋಗುತ್ತವೆ. ಅಲ್ಲಿ ಒಂದು ಟೇಕ್ ಮುಗಿಸಿ ಇನ್ನೊಂದನ್ನು ಸೇರಿಸಬಹುದು. ಯಾರೋ ಲೆನ್ಸಿನ ಮುಂದೆಯೇ ದಾಟುತ್ತಾರೆ, ಅವರ ಬೆನ್ನು ಇಡೀ ಪರದೆ ತುಂಬುತ್ತದೆ. ಅಲ್ಲೂ ಸೇರಿಸಬಹುದು. ಬಿಸಿಲಿನಿಂದ ಕತ್ತಲೆಯ ಮೆಟ್ಟಿಲಿಗೆ ನುಗ್ಗುವಾಗಲೂ ಆಗುತ್ತದೆ. ಆ ಸಿನಿಮಾದ ಕಾರ್ ಚೇಸ್, ಕಟ್ಟಡದೊಳಗಿನ ಓಟ, ತಾರಸಿ, ಬೀದಿಯ ಚಾಕು ಕಾಳಗ, ಎಲ್ಲ ಹೀಗೆ ತುಂಡು ತುಂಡಾಗಿ ತೆಗೆದು ಹೊಲಿದದ್ದು. ಮಾಡಿದವರೇ ಇದನ್ನು ಮುಚ್ಚಿಟ್ಟಿಲ್ಲ. ನಮ್ಮವರು ಮಾತ್ರ ನಂಬುವುದಿಲ್ಲ.

ಹೊಲಿಗೆ ಹಾಕುವವರ ಕಷ್ಟ ನೋಡಿ. ಒಮ್ಮೆ ನನ್ನ ಕೈಗೆ ಬಂದ ಇಂಥದ್ದೇ ಒಂದು ಜೋಡಣೆಯಲ್ಲಿ, ಮೊದಲ ಟೇಕ್‌ನಲ್ಲಿ ಹೀರೋನ ಕಾಲರ್ ಬೆವರಿಗೆ ಒದ್ದೆಯಾಗಿ ಕುತ್ತಿಗೆಗೆ ಅಂಟಿತ್ತು. ಮುಂದಿನ ಟೇಕ್ ಊಟದ ಬಿಡುವಿನ ನಂತರದ್ದು. ಕಾಲರ್ ಒಣಗಿ ಒಂದು ತುದಿ ಮೇಲಕ್ಕೆದ್ದಿತ್ತು, ಗೋಡೆಯ ಮೇಲಿನ ನೆರಳು ಒಂದು ಗೇಣು ಸರಿದಿತ್ತು. ಸಾಮಾನ್ಯ ದೃಶ್ಯವಾಗಿದ್ದರೆ ನಡುವೆ ವಿಲನ್‌ನ ಮುಖ ಹಾಕಿ ಪಾರಾಗುತ್ತಿದ್ದೆ. ಇಲ್ಲಿ ಹಾಗಿಲ್ಲ, ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ವಿಎಫ್‌ಎಕ್ಸ್ ಹುಡುಗರು ಒಂದೊಂದೇ ಫ್ರೇಮ್ ತಿದ್ದಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ 12 ನಿಮಿಷಕ್ಕೆ 17,280. ಎಲ್ಲವನ್ನೂ ತಿದ್ದಬೇಕಾಗಿಲ್ಲ, ಆದರೆ ಎಲ್ಲವನ್ನೂ ನೋಡಲೇಬೇಕು. ಸದ್ದಿನದು ಬೇರೆ ಕಥೆ. ಹೊಲಿಗೆ ಬಿದ್ದ ಜಾಗದಲ್ಲೇ ಸದ್ದೂ ಬದಲಾದರೆ ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ. ಅದಕ್ಕೇ ಉಸಿರು, ಹಾರ್ನ್, ಓಡುವ ಹೆಜ್ಜೆಯ ಸದ್ದನ್ನು ಜೋಡಣೆಯ ಆಚೆಗೂ ಎಳೆಯುತ್ತೇವೆ.

ಘಾಟ್ಕೋಪರ್‌ನಲ್ಲಿ ಹೋಟೆಲ್ ನಡೆಸುವ ಶೆಟ್ಟರೊಬ್ಬರು ತಂಗಿಯ ಮಗನ ಸಿನಿಮಾಕ್ಕೆ ದುಡ್ಡು ಹಾಕಿದ್ದರು. ಒಳ್ಳೆಯ ಮನುಷ್ಯ, ಬರುವಾಗಲೆಲ್ಲ ನನ್ನ ಅಸಿಸ್ಟೆಂಟ್‌ಗಳಿಗೆ ಗೋಳಿಬಜೆ ಕಟ್ಟಿಸಿಕೊಂಡು ಬರುವವರು. ಹುಡುಗ ಒಂದೇ ಶಾಟ್‌ನ ಫೈಟ್ ಬಗ್ಗೆ ಉಸಿರು ಬಿಡದೆ ಹೇಳುತ್ತಿದ್ದ. ಶೆಟ್ಟರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ್ರೇ, ಕಟ್ಟೇ ಇಲ್ಲ ಅಂದ ಮೇಲೆ ನಿಮ್ಮ ಬಿಲ್ಲು ಕಡಿಮೆ ಆಗ್ಬೇಕಲ್ವಾ?"

"ಜಾಸ್ತಿ ಆಗುತ್ತೆ ಶೆಟ್ರೇ" ಅಂದೆ. ಅವರು ಹುಡುಗನನ್ನು ನೋಡಿದ ನೋಟಕ್ಕೆ ಅವನು ಅಲ್ಲೇ ಒಂದು ಕಟ್‌ಗೆ ಒಪ್ಪಿಕೊಂಡ.

ದುಡ್ಡಿನ ಮಾತು ಬಿಡಿ. ಹೆಚ್ಚು ಚಿಂತೆ ಜೀವದ್ದು. ಫೈಟ್‌ನಲ್ಲಿ ಕಟ್ ಇರುವುದು ಸುಮ್ನೆ ವೇಗ ಕೊಡುವುದಕ್ಕಲ್ಲ. ಕಟ್ ಬಿದ್ದ ಜಾಗದಲ್ಲಿ ನಟ ಹೊರಗೆ ಹೋಗಿ ಡ್ಯೂಪ್ ಒಳಗೆ ಬರುತ್ತಾನೆ. ರೋಪ್ ಕಟ್ಟುತ್ತಾರೆ, ಬಿಚ್ಚುತ್ತಾರೆ. ಬೀಳುವ ಜಾಗಕ್ಕೆ ಹಾಸು ಬರುತ್ತದೆ. ಎಲ್ಲರೂ ಒಮ್ಮೆ ನೀರು ಕುಡಿಯುತ್ತಾರೆ. ಕಟ್ ಬೇಡ ಅಂದರೆ ಇದೆಲ್ಲ ಎಲ್ಲಿ ಆಗಬೇಕು? ಎಕ್ಸ್‌ಟ್ರ್ಯಾಕ್ಷನ್‌ನ ನಿರ್ದೇಶಕ ಸ್ಯಾಮ್ ಹಾರ್ಗ್ರೇವ್ ಕಾರಿನ ಮುಂಭಾಗಕ್ಕೆ ತನ್ನನ್ನೇ ಕಟ್ಟಿಸಿಕೊಂಡು ಕ್ಯಾಮೆರಾ ಹಿಡಿದದ್ದನ್ನು ಹುಡುಗರು ನನಗೆ ಕಣ್ಣರಳಿಸಿ ಹೇಳುತ್ತಾರೆ. ನಿಜ. ಆದರೆ ಆತ ಅದಕ್ಕೂ ಮೊದಲು ವರ್ಷಗಟ್ಟಲೆ ಸ್ಟಂಟ್ ಕೆಲಸದಲ್ಲೇ ಇದ್ದವನು, ಕ್ಯಾಪ್ಟನ್ ಅಮೆರಿಕ ಪಾತ್ರದ ನಟನಿಗೆ ಡ್ಯೂಪ್ ಆದವನು. ನಿಮ್ಮ ಕ್ಯಾಮೆರಾಮನ್ ಮದುವೆ ವಿಡಿಯೋದಿಂದ ಬಂದ ಒಳ್ಳೆಯ ಹುಡುಗ. ಅವನನ್ನು ಬಾನೆಟ್‌ಗೆ ಕಟ್ಟಬೇಡಿ.

2016ರ ನವೆಂಬರ್‌ನಲ್ಲಿ 'ಮಾಸ್ತಿಗುಡಿ' ಸಿನಿಮಾದ ಶೂಟಿಂಗ್ ವೇಳೆ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಏನಾಯಿತು ಅಂತ ಕನ್ನಡದವರಿಗೆ ನೆನಪಿಸಬೇಕಾಗಿಲ್ಲ. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಅನಿಲ್, ಉದಯ್ ಇಬ್ಬರೂ ಮುಳುಗಿ ಸತ್ತರು. ಅದು ಉದ್ದ ಶಾಟ್‌ನ ಹುಚ್ಚಿನಿಂದ ಆಯಿತು ಅಂತ ನಾನು ಹೇಳುತ್ತಿಲ್ಲ, ಅದರ ವಿಷಯ ಬೇರೆ. ಆದರೆ 'ಎಲ್ಲ ನಿಜವಾಗಿಯೇ ಮಾಡೋಣ ಸಾರ್' ಅಂತ ಯಾರಾದರೂ ನನ್ನೆದುರು ಹೇಳಿದಾಗ ನನಗೆ ಮೊದಲು ನೆನಪಾಗುವುದು ಆ ಇಬ್ಬರೇ.

ಹಾಗಾದರೆ ಆ 12 ನಿಮಿಷ ಯಾಕೆ ಅಷ್ಟು ಹಿಡಿಸುತ್ತದೆ? ಕಟ್ ಕಾಣದ್ದಕ್ಕಲ್ಲ, ದಾರಿ ಕಾಣುವುದಕ್ಕೆ. ಬಾಗಿಲು ಎಲ್ಲಿದೆ, ಮೆಟ್ಟಿಲು ಎಲ್ಲಿದೆ, ಹುಡುಗ ಎಲ್ಲಿ ಅಡಗಿದ್ದಾನೆ, ಪೊಲೀಸರು ಯಾವ ಕಡೆಯಿಂದ ಬರುತ್ತಾರೆ, ಎಲ್ಲ ನಮಗೂ ಗೊತ್ತಾಗುತ್ತಾ ಹೋಗುತ್ತದೆ. ಹೀರೋ ಸುಸ್ತಾಗುತ್ತಾನೆ, ಹೊಡೆತಕ್ಕೆ ಹೊಡೆತ ತಿನ್ನುತ್ತಾನೆ. ಎಲ್ಲಕ್ಕಿಂತ ಮುಖ್ಯ, ಎದುರಿಗೆ ರಣದೀಪ್ ಹೂಡಾ ಮಾಡಿರುವ ಸಾಜು ಇದ್ದಾನೆ. ಅವನೂ ಅದೇ ಹುಡುಗನನ್ನು ಉಳಿಸಲು ಬಂದವನು. ಕರೆದುಕೊಂಡು ಹೋಗದಿದ್ದರೆ ಅವನ ಸ್ವಂತ ಮಗನ ಪ್ರಾಣಕ್ಕೇ ಕುತ್ತು. ಒಂದೇ ಕೆಲಸಕ್ಕೆ ಬಂದ ಇಬ್ಬರು ಬೀದಿಯಲ್ಲಿ ಚಾಕು ಹಿಡಿದು ಬಡಿದಾಡುವಾಗ ಯಾರು ಗೆಲ್ಲಬೇಕು ಅಂತ ನಮಗೇ ಗೊತ್ತಾಗುವುದಿಲ್ಲ. ಈ ಗೊಂದಲವನ್ನು ಬರವಣಿಗೆ ಕೊಟ್ಟಿತು. ಕ್ಯಾಮೆರಾ ಅದನ್ನು ಕೆಡಿಸಲಿಲ್ಲ, ಅಷ್ಟೇ.

ದುರ್ಬಲ ಜಾಗಗಳೂ ಬರವಣಿಗೆಯಲ್ಲೇ ಇವೆ. ಪಂಕಜ್ ತ್ರಿಪಾಠಿಯವರಂಥ ನಟನನ್ನು ಓವಿಯ ಅಪ್ಪನ ಪಾತ್ರಕ್ಕೆ ಕರೆಸಿ, ಜೈಲಿನಲ್ಲಿ ಒಂದು ದೃಶ್ಯ ಕೊಟ್ಟು ಮರೆತುಬಿಟ್ಟಿದ್ದಾರೆ. ಅಪ್ಪ-ಮಗನ ನಡುವೆ ಏನಿತ್ತು ಅಂತ ಗೊತ್ತಾಗದೆ ಓವಿ ಬಹಳ ಹೊತ್ತು ಎತ್ತಿಕೊಂಡು ಓಡುವ ಸಾಮಾನಾಗಿಯೇ ಉಳಿಯುತ್ತಾನೆ. ಮಗನನ್ನು ಕಳೆದುಕೊಂಡ ಹೀರೋ ಇನ್ನೊಬ್ಬರ ಮಗನನ್ನು ಉಳಿಸುವುದು, ಇದನ್ನು ಎಷ್ಟು ಸಲ ನೋಡಿಲ್ಲ ನಾವು? ಮೊದಲು ಸಿನಿಮಾಕ್ಕೆ 'ಢಾಕಾ' ಅಂತಲೇ ಹೆಸರಿಟ್ಟಿದ್ದರು. ಆದರೆ ಚಿತ್ರೀಕರಣ ಬಹುಪಾಲು ಅಹಮದಾಬಾದ್, ಥಾಯ್ಲೆಂಡ್ ಕಡೆ ಆಯಿತು, ಊರಿಗೆಲ್ಲ ಅರಿಶಿನ ಎರಚಿದ ಹಾಗೆ ಹಳದಿ ಬಣ್ಣ. ಢಾಕಾದವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಈಗ ಧಾರಾವಿಯಲ್ಲಿ ತೆಗೆದ ಶಾಟ್‌ಗೂ ನಮ್ಮ ಹುಡುಗರು ಅದೇ ಹಳದಿ ಕೇಳುತ್ತಾರೆ. ಧಾರಾವಿಗೆ ಹೋಗುತ್ತಾ ಬರುತ್ತಾ ಇರುವ ನನಗೆ ಅಲ್ಲಿ ಹಳದಿ ಎಂದೂ ಕಂಡಿಲ್ಲ.

ರೇಕ್‌ನ ತಂಡದ ಬಗ್ಗೆ ನನಗೆ ಇನ್ನೊಂದು ವೃತ್ತಿಪರ ಆಕ್ಷೇಪವಿದೆ. ದುಡ್ಡು ಖಾತೆಗೆ ಬೀಳುವ ಮೊದಲೇ ಅವರು ಪ್ರಾಣ ಕೊಟ್ಟು ಕೆಲಸ ಶುರು ಮಾಡುತ್ತಾರೆ, ಆಮೇಲೆ ದುಡ್ಡು ಬರುವುದಿಲ್ಲ. ಅಂಧೇರಿಯಲ್ಲಿ ಕೆಲಸ ಮಾಡುವ ಯಾರಿಗೂ ಇದು ಅಸಹಜ ಅನ್ನಿಸುವುದಿಲ್ಲ ಬಿಡಿ.

ಸೇತುವೆಯ ಮೇಲಿನ ಕ್ಲೈಮ್ಯಾಕ್ಸ್ ನೋಡುವಾಗ ನನಗೆ ಮಧ್ಯದ ಆ 12 ನಿಮಿಷದ ಬಿಗಿ ಸಿಗಲಿಲ್ಲ. ಗುಂಡು ಜಾಸ್ತಿ, ಜನ ಜಾಸ್ತಿ, ಯಾರು ಎಲ್ಲಿದ್ದಾರೆ ಅನ್ನುವುದು ಕಡಿಮೆ. 2023ರಲ್ಲಿ ಬಂದ ಎರಡನೇ ಭಾಗದಲ್ಲಿ ಇದೇ ತಂತ್ರವನ್ನು 21 ನಿಮಿಷಕ್ಕೆ ಎಳೆದರು. ಅದಾದ ಮೇಲೆ ನನ್ನ ರೂಮಿಗೆ ಬರುವವರ ಬೇಡಿಕೆಯೂ ಉದ್ದವಾಗಿದೆ.

ಇಷ್ಟೆಲ್ಲ ಕೇಳಿಯೂ ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ಶೂಟಿಂಗ್‌ಗೆ ಮೊದಲು ಬನ್ನಿ. ಫೈಟ್ ಮಾಸ್ಟರ್‌ನನ್ನು ಕರೆದುಕೊಂಡು ಆ ಗಲ್ಲಿಗೇ, ಶೂಟ್ ಮಾಡುವ ಹೊತ್ತಿಗೇ ಹೋಗಿ, ಫೋನಿನಲ್ಲಿ ಒಮ್ಮೆ ಪೂರ್ತಿ ತೆಗೆಯಿರಿ. ಹೊಲಿಗೆ ಎಲ್ಲಿ ಬೀಳಬೇಕು, ಡ್ಯೂಪ್ ಎಲ್ಲಿ ಬರಬೇಕು ಅಂತ ಅದನ್ನು ನೋಡಿ ಕೂತು ಗುರುತು ಹಾಕೋಣ. ಶೂಟಿಂಗ್ ಎಲ್ಲ ಮುಗಿಸಿ, ಹಾರ್ಡ್ ಡಿಸ್ಕ್ ಮೇಜಿನ ಮೇಲಿಟ್ಟು "ಈಗ ಇದರಲ್ಲಿರೋ ಕಟ್ ಎಲ್ಲ ತೆಗೀರಿ ಸಾರ್" ಅಂದರೆ, ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು.