ಕಲ್ಕತ್ತಾದ ಗವರ್ನಮೆಂಟ್ ಹೌಸ್: ಮನೆ ಒಂದು, ತೋಟ ಹಲವು

ವಸಾಹತು ಕಾಲದ ವಾಸ್ತುಶಿಲ್ಪದ ಪಾಠಕ್ಕೆ ಬಂದಾಗ ಈ ಕಟ್ಟಡದ ಬಗ್ಗೆ ನಾವೆಲ್ಲ ಬರೆದುಕೊಳ್ಳುವುದು ಒಂದೇ ಸಾಲು: ‘ವೆಲ್ಲೆಸ್ಲಿ ಕಟ್ಟಿಸಿದ್ದು, ಕೆಡಲ್‌ಸ್ಟನ್ ಹಾಲ್ ಮಾದರಿ, 1803’. ನನ್ನ ನೋಟ್‌ಬುಕ್ಕಿನಲ್ಲೂ ಬಹಳ ದಿನ ಅಷ್ಟೇ ಇತ್ತು. ತಪ್ಪೇನಿಲ್ಲ, ಎರಡು ಅಂಕಕ್ಕೆ ಸಾಕು. ಹತ್ತು ಅಂಕದ ಪ್ರಶ್ನೆ ಬಂದರೆ ಮಾತ್ರ ಕಂಬ, ಗುಮ್ಮಟ ಎಂದು ಎಷ್ಟು ಎಳೆದರೂ ಮುಂದೆ ಹೋಗುವುದಿಲ್ಲ. ಕಟ್ಟಡ ಇನ್ನೂರು ವರ್ಷದಿಂದ ಹೆಚ್ಚುಕಡಿಮೆ ಹಾಗೇ ನಿಂತಿದೆ. ಬದಲಾಗುತ್ತಾ ಬಂದದ್ದು ಅದರ ಸುತ್ತಲಿನ ನೆಲ. ಹಾಗಾಗಿ ಈ ಟಿಪ್ಪಣಿಯಲ್ಲಿ ಮನೆಯನ್ನು ಬೇಗ ಮುಗಿಸಿ ತೋಟಕ್ಕೆ ಹೋಗುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇದು ಇಂದು ಪಶ್ಚಿಮ ಬಂಗಾಳದ ರಾಜ್ಯಪಾಲರ ಮನೆ. ಕಟ್ಟಿದ್ದು ಮಾತ್ರ ಗವರ್ನರ್ ಜನರಲ್‌ಗೆ. 1858ರ ನಂತರ ಅದೇ ವ್ಯಕ್ತಿ ವೈಸ್‌ರಾಯ್ ಕೂಡ ಆದ. 1854ರಿಂದ ಬಂಗಾಳಕ್ಕೆಂದೇ ಬೇರೆ ಲೆಫ್ಟಿನೆಂಟ್ ಗವರ್ನರ್ ಇದ್ದ, ಅವನ ಮನೆ ಅಲೀಪುರದ ಬೆಲ್ವಡೇರ್. ಈಗ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದ ಕಟ್ಟಡ ಅದು. 1911ರ ದೆಹಲಿ ದರ್ಬಾರಿನಲ್ಲಿ ರಾಜಧಾನಿ ಬದಲಾವಣೆ ಘೋಷಣೆಯಾಗಿ, 1912ರಲ್ಲಿ ವೈಸ್‌ರಾಯ್ ಗಂಟುಮೂಟೆ ಕಟ್ಟಿದ ಮೇಲೆ ದೊಡ್ಡ ಮನೆ ಬಂಗಾಳದ ಗವರ್ನರ್‌ಗೆ ಸಿಕ್ಕಿತು. ಅಲ್ಲಿ ಹಾಗೆ ಬಂದ ಮೊದಲಿಗ ಲಾರ್ಡ್ ಕಾರ್ಮೈಕಲ್. ಬೆಲ್ವಡೇರ್ ಮತ್ತು ಗವರ್ನಮೆಂಟ್ ಹೌಸ್ ಎರಡನ್ನೂ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಇನ್ನು ಮನೆ. ವೆಲ್ಲೆಸ್ಲಿ 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ, 1799ರ ಫೆಬ್ರವರಿ 5ರಂದು ಅಡಿಗಲ್ಲು ಹಾಕಿಸಿದ. ತಾರೀಖು ಗಮನಿಸಿ: ಅತ್ತ ಶ್ರೀರಂಗಪಟ್ಟಣದ ಮೇಲೆ ದಂಡು ಹೊರಡುವ ಸಿದ್ಧತೆ, ಇತ್ತ ಅರಮನೆಯ ಪಾಯ. ಮೂರೇ ತಿಂಗಳಲ್ಲಿ, ಮೇ 4ರಂದು, ಟಿಪ್ಪು ಕೋಟೆಯಲ್ಲಿ ಮಡಿದ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರನ್ನು ಈ ಕಟ್ಟಡಕ್ಕಾಗಿ ಮುಂಚೆ ಕೇಳಿರಲಿಲ್ಲ. ಕಟ್ಟಡದ ಬಾಬ್ತಿಗೆ ಬಿದ್ದ ಖರ್ಚು 63,291 ಪೌಂಡ್ ಎಂಬ ಲೆಕ್ಕ ಪುಸ್ತಕಗಳಲ್ಲಿ ಸಿಗುತ್ತದೆ; ನೆಲ, ಪೀಠೋಪಕರಣ, ರಸ್ತೆ ಎಲ್ಲ ಬೇರೆ. ಲಾರ್ಡ್ ವ್ಯಾಲೆನ್ಷಿಯಾ ಎಂಬ ಪ್ರವಾಸಿ ಆಗ ಅಲ್ಲಿದ್ದ. ಈ ಖರ್ಚನ್ನು ಸಮರ್ಥಿಸಿಕೊಂಡು ಅವನು ಬರೆದದ್ದರ ತಾತ್ಪರ್ಯ ಇದು: ಭಾರತವನ್ನು ಅರಮನೆಯಲ್ಲಿ ಕೂತು ಆಳಬೇಕು, ಲೆಕ್ಕದ ಕೋಣೆಯಲ್ಲಿ ಕೂತಲ್ಲ, ಮಸ್ಲಿನ್, ನೀಲಿ ಮಾರುವ ಚಿಲ್ಲರೆ ವ್ಯಾಪಾರಿಯ ಬುದ್ಧಿ ಇಲ್ಲಿ ಸಲ್ಲದು. ‘ಅಧಿಕಾರ ಮತ್ತು ವಾಸ್ತು’ ಎಂಬ ಪ್ರಶ್ನೆ ಬಂದರೆ ಇದನ್ನೇ ಹಾಕಿ. ನಿರ್ದೇಶಕರು ಹೇಳಿಕೇಳಿ ಚಿಲ್ಲರೆ ವ್ಯಾಪಾರಿಗಳೇ. ವೆಲ್ಲೆಸ್ಲಿ 1805ರಲ್ಲಿ ವಾಪಸ್ಸು ಹೋಗಬೇಕಾಯಿತು. ಮರಾಠರ ಜೊತೆಗಿನ ಯುದ್ಧದ ಸಾಲದ ಜೊತೆಗೆ ಈ ದುಂದೂ ಅವನ ಮೇಲಿನ ಸಿಟ್ಟಿಗೆ ಸೇರಿತ್ತು.

ನಕ್ಷೆ ಬರೆದವನು ಬಂಗಾಳ ಎಂಜಿನಿಯರ್ಸ್ ಪಡೆಯ ಕ್ಯಾಪ್ಟನ್ ಚಾರ್ಲ್ಸ್ ವ್ಯಾಟ್. ಮಾದರಿ, ಇಂಗ್ಲೆಂಡಿನ ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್. ‘ನಕಲು’ ಎಂದಷ್ಟೇ ಬರೆದರೆ ಅರ್ಧ ಸತ್ಯ. ಕೆಡಲ್‌ಸ್ಟನ್‌ನ ಮೂಲ ನಕ್ಷೆಯಲ್ಲಿ ನಡುವಿನ ಕಟ್ಟಡಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ರೆಕ್ಕೆಗಳಿದ್ದವು, ಅಲ್ಲಿ ಕಟ್ಟಿದ್ದು ಎರಡನ್ನೇ. ನಾಲ್ಕೂ ಎದ್ದು ನಿಂತದ್ದು ಕಲ್ಕತ್ತಾದಲ್ಲಿ. ಅಲ್ಲಿ ಕಲ್ಲು, ಇಲ್ಲಿ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ರೆಕ್ಕೆಗಳನ್ನು ನಡುಮನೆಗೆ ಜೋಡಿಸುವುದು ಬಾಗಿದ ಓಣಿಗಳು. ಇದರಿಂದ ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಮನೆಯ ಯಾವುದೋ ಒಂದು ಭಾಗಕ್ಕೆ ಸಿಗುತ್ತದೆ. ಪಂಖಾ ಎಳೆಸಿಕೊಂಡು ಕೂರುತ್ತಿದ್ದ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು ಸ್ವಾರಸ್ಯ: 1899ರಲ್ಲಿ ವೈಸ್‌ರಾಯ್ ಆಗಿ ಬಂದ ಕರ್ಜನ್ ಹುಟ್ಟಿ ಬೆಳೆದದ್ದು ಇದೇ ಕೆಡಲ್‌ಸ್ಟನ್ ಹಾಲ್‌ನಲ್ಲಿ. ಏಳು ಸಮುದ್ರ ದಾಟಿ ಬಂದು ಮತ್ತೆ ತನ್ನ ಮನೆಯಂಥದ್ದೇ ಮನೆಗೆ ಕಾಲಿಟ್ಟ ಮನುಷ್ಯ!

ಇಷ್ಟು ದೊಡ್ಡ ಮನೆಯಲ್ಲಿ, 84,000 ಚದರಡಿಯಲ್ಲಿ, ಅಡುಗೆಮನೆಗೆ ಜಾಗವಿರಲಿಲ್ಲ. ಅಡುಗೆ ಆಗುತ್ತಿದ್ದದ್ದು ಆವರಣದ ಹೊರಗೆ, ಇನ್ನೂರು ಗಜ ದೂರದ ಬೀದಿಯಲ್ಲಿ. ಊಟದ ಹೊತ್ತಿಗೆ ಆಳುಗಳು ಮುಚ್ಚಿದ ಪೆಟ್ಟಿಗೆಗಳನ್ನು ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಅಡುಗೆಮನೆ ಕಲ್ಕತ್ತಾದಲ್ಲಿ ಎಲ್ಲೋ ಇದೆ, ಈ ಮನೆಯಲ್ಲಂತೂ ಇಲ್ಲ ಎಂದು 1880ರ ದಶಕದಲ್ಲಿ ಲೇಡಿ ಡಫರಿನ್ ಬರೆದುಕೊಂಡರು. ತೋರಿಕೆಗೆ ಕಟ್ಟಿದ ಮನೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. 1892ರಲ್ಲಿ ಓಟಿಸ್ ಕಂಪನಿಯ ಲಿಫ್ಟ್ ಬಂತು, ಭಾರತದ ಮೊದಲನೆಯದು ಎನ್ನುತ್ತಾರೆ.

ಈಗ ತೋಟ. ಆವರಣ 27 ಎಕರೆ. ಮೊದಲ ಇಪ್ಪತ್ತು ವರ್ಷ ಅಲ್ಲಿ ತೋಟವೇ ಇರಲಿಲ್ಲ, ಬರೀ ಬಯಲು. ಇದನ್ನು ಸೋಮಾರಿತನ ಎಂದು ಓದಬೇಡಿ. ಆಳುವವನ ಮನೆ ಊರಿಗೆಲ್ಲ ಕಾಣಬೇಕು, ಮರ ಬೆಳೆದರೆ ಕಂಬಸಾಲು ಮರೆಯಾಗುತ್ತದೆ. ಮೈದಾನದ ಕಡೆಯಿಂದ ಬರುವ ತೆಂಕಣ ಗಾಳಿಗೂ ಅಡ್ಡಿ. ಲಾರ್ಡ್ ಆಮ್ಹರ್ಸ್ಟ್ ಕಾಲದಲ್ಲಿ (1823–28) ಅವನ ಹೆಂಡತಿ ಲೇಡಿ ಆಮ್ಹರ್ಸ್ಟ್ ಮೊದಲ ಬಾರಿ ಮನಸ್ಸು ಕೊಟ್ಟು ಹೂದೋಟ ಮಾಡಿಸಿದಳು. ಆಕೆಗೆ ಸಸ್ಯಗಳ ಹುಚ್ಚು. ಹೂಗ್ಲಿಯ ಆಚೆ ಶಿಬ್‌ಪುರದಲ್ಲಿ 1787ರಲ್ಲೇ ಶುರುವಾದ ಸಸ್ಯೋದ್ಯಾನವಿತ್ತು, ಅದರ ಮುಖ್ಯಸ್ಥ ನಥಾನಿಯಲ್ ವಾಲಿಚ್.

ಆಮ್ಹರ್ಸ್ಟ್ ಹೋಗಿ ಬೆಂಟಿಂಕ್ ಬಂದ. ಸತಿ ನಿಷೇಧದ ಬೆಂಟಿಂಕ್ ನಮಗೆಲ್ಲ ಗೊತ್ತು. ಅವನ ಹೆಂಡತಿ ಮಾಡಿದ ನಿಷೇಧ ಪಠ್ಯದಲ್ಲಿಲ್ಲ. ಹೂವು ಆರೋಗ್ಯಕ್ಕೆ ಕೆಟ್ಟದ್ದು ಎಂದು ಲೇಡಿ ಬೆಂಟಿಂಕ್ ಇಡೀ ತೋಟವನ್ನು ಕೀಳಿಸಿದಳು. ನಗು ಬರುತ್ತದೆ, ಆದರೆ ಆ ಕಾಲದ ವೈದ್ಯಶಾಸ್ತ್ರ ನೆನಪಿಸಿಕೊಳ್ಳಿ. ಸೊಳ್ಳೆಯ ವಿಚಾರ ಗೊತ್ತಾಗಲು ಇನ್ನೂ ಅರವತ್ತೆಪ್ಪತ್ತು ವರ್ಷ ಬಾಕಿ. ಜ್ವರ ಬರುವುದು ಕೆಟ್ಟ ಗಾಳಿಯಿಂದ, ಕೆಟ್ಟ ಗಾಳಿ ಹುಟ್ಟುವುದು ಕೊಳೆಯುವ ಸೊಪ್ಪುಸದೆ, ಜೌಗು ನೆಲದಿಂದ ಎಂಬುದು ಕಲಿತವರ ನಂಬಿಕೆ. ಕಲ್ಕತ್ತಾದ ಮಳೆಗಾಲದಲ್ಲಿ ಸಾಲುಸಾಲಾಗಿ ಯೂರೋಪಿಯನ್ನರು ಸಾಯುತ್ತಿದ್ದಾಗ ಕಿಟಕಿ ಕೆಳಗಿನ ಒದ್ದೆ ಪಾತಿಯನ್ನು ಅನುಮಾನಿಸಿದ್ದು ಮೂರ್ಖತನವೇನಲ್ಲ. ನನ್ನ ದೃಷ್ಟಿಯಲ್ಲಿ ‘ವಸಾಹತು ಕಾಲದ ಆರೋಗ್ಯ ಕಲ್ಪನೆ’ ಎಂಬ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1836ರಲ್ಲಿ ಲಾರ್ಡ್ ಆಕ್ಲೆಂಡ್ ಬಂದ. ಮದುವೆಯಾಗದವನು, ಮನೆ ನೋಡಿಕೊಂಡವರು ತಂಗಿಯರಾದ ಎಮಿಲಿ ಈಡನ್ ಮತ್ತು ಫ್ಯಾನಿ. ಎಮಿಲಿಯ ಪತ್ರಗಳಿಂದಲೇ ಹೂ ಕೀಳಿಸಿದ ಕಥೆ ನಮಗೆ ಸಿಗುವುದು. ಆಕೆ ಮತ್ತೆ ದಾರಿ ತೆಗೆಸಿ, ಗಿಡ ಹಾಕಿಸಿದಳು. ಒಬ್ಬಳು ನೆಟ್ಟದ್ದು, ಇನ್ನೊಬ್ಬಳು ಕಿತ್ತದ್ದು, ಮೂರನೆಯವಳು ಮತ್ತೆ ನೆಟ್ಟದ್ದು: ಹದಿನೈದು ವರ್ಷದೊಳಗೆ. ಗವರ್ನರ್ ಜನರಲ್ ಇರುತ್ತಿದ್ದದ್ದು ಐದಾರು ವರ್ಷ, ಒಂದು ಮಾವಿನ ಸಸಿ ಸರಿಯಾಗಿ ಫಲ ಕೊಡುವಷ್ಟೂ ಅಲ್ಲ.

ಲೇಡಿ ಆಮ್ಹರ್ಸ್ಟ್ ತೋಟ ಹೋಯಿತು, ಹೆಸರು ಉಳಿಯಿತು. ಬರ್ಮಾದ ಮಾರ್ತಬಾನ್ ಬಳಿಯ ಮಠವೊಂದರ ತೋಟದಲ್ಲಿ ವಾಲಿಚ್ ಕೆಂಪು ಹೂವಿನ ಜೋಲುಗೊಂಚಲು ಬಿಡುವ ಒಂದು ಮರ ಕಂಡ. ಅಲ್ಲಿಯವರು ಆ ಹೂವನ್ನು ಬುದ್ಧನ ಮೂರ್ತಿಗಳ ಮುಂದೆ ಇಡುತ್ತಿದ್ದರು. ಅದಕ್ಕೆ ಆಕೆ ಮತ್ತು ಆಕೆಯ ಮಗಳ ಗೌರವಾರ್ಥ ಅವನಿಟ್ಟ ಹೆಸರು ಆಮ್ಹರ್ಸ್ಟಿಯಾ ನೊಬಿಲಿಸ್.

ಊರಾಚೆಯ ಬ್ಯಾರಕ್‌ಪುರದ ತೋಟವನ್ನೂ ಇದರ ಜೊತೆಗೇ ಓದಬೇಕು. ಬೇಸಿಗೆಯ ವಾರಾಂತ್ಯಗಳಿಗೆಂದು ಹೂಗ್ಲಿ ದಂಡೆಯ ಈ ಜಾಗವನ್ನು ಹಿಡಿದವನೂ ವೆಲ್ಲೆಸ್ಲಿಯೇ. ಅಲ್ಲಿ ಇನ್ನೊಂದು ಅರಮನೆ ಶುರುಮಾಡಿದ್ದ, ನಿರ್ದೇಶಕರು ಅರ್ಧಕ್ಕೆ ನಿಲ್ಲಿಸಿಬಿಟ್ಟರು. ಆಮೇಲೆ ಎದ್ದದ್ದು ಚಿಕ್ಕ ಮನೆ. ಇಂಗ್ಲಿಷ್ ಉದ್ಯಾನಕ್ಕೆ ಏರಿಳಿತ ಬೇಕು, ಬಂಗಾಳದ ನೆಲವೋ ಅಂಗೈಯಷ್ಟು ಸಪಾಟು. ಹಾಗಾಗಿ ಕೆರೆ ತೋಡಿಸಿ, ಆ ಮಣ್ಣಿನಲ್ಲಿ ಗುಡ್ಡ ಎಬ್ಬಿಸಿದರು. ಪ್ರಾಣಿಸಂಗ್ರಹವೂ ಇತ್ತು. 1850ರ ದಶಕದ ಕೊನೆಯಲ್ಲಿ ಈ ತೋಟವನ್ನು ತಿದ್ದಿ, ಅದರ ಗಿಡಗಳನ್ನು ಕೂತು ಚಿತ್ರಿಸಿದವಳು ಲೇಡಿ ಶಾರ್ಲೆಟ್ ಕ್ಯಾನಿಂಗ್. 1861ರಲ್ಲಿ ಡಾರ್ಜಿಲಿಂಗ್‌ನಿಂದ ಮರಳುವಾಗ ಜ್ವರ ತಗುಲಿ ನವೆಂಬರ್ 18ರಂದು ತೀರಿಕೊಂಡಳು. ಆಕೆಯನ್ನು ಮಣ್ಣು ಮಾಡಿದ್ದು ನದಿ ಕಾಣುವ ಅದೇ ತೋಟದ ಮೂಲೆಯಲ್ಲಿ.

ಸ್ವಾತಂತ್ರ್ಯದ ಭಾಗಕ್ಕೆ ಎರಡೇ ಮಾತು. 1947ರ ಆಗಸ್ಟ್ 15ರಂದು ಸಿ. ರಾಜಗೋಪಾಲಾಚಾರಿ ರಾಜ್ಯಪಾಲರಾದ ದಿನ ಜನ ಗೇಟು ದಾಟಿ ಒಳನುಗ್ಗಿ ಕೋಣೆ ಕೋಣೆ ಸುತ್ತಿದರು. ಹೆಸರು ರಾಜಭವನವಾಯಿತು, 2025ರ ನವೆಂಬರ್ ಕೊನೆಯಲ್ಲಿ ಲೋಕ ಭವನವಾಯಿತು. ಪರೀಕ್ಷೆಯಲ್ಲಿ ಯಾವ ಕಾಲದ ಪ್ರಶ್ನೆಯೋ ಆ ಕಾಲದ ಹೆಸರು ಬರೆಯಿರಿ.

ಓದಿ ಮುಗಿದ ಮೇಲೆ ಒಂದು ಅಭ್ಯಾಸ. 1820ರ ದಶಕದಲ್ಲಿ ಅಚ್ಚಾದ ಜೇಮ್ಸ್ ಬೇಲಿ ಫ್ರೇಸರ್‌ನ ಕಲ್ಕತ್ತಾ ಚಿತ್ರಗಳಲ್ಲಿ ಈ ಮನೆಯದ್ದನ್ನು ಹುಡುಕಿ ನೋಡಿ. ಮನೆ ಪೂರ್ತಿ ಕಾಣುತ್ತದೆ. ಎತ್ತರದ ತುದಿಗಳಲ್ಲಿ ಹರ್ಗಿಲಾ ಹಕ್ಕಿಗಳು ಕೂತಿವೆ, ಬೋಳುತಲೆಯ ಆಳೆತ್ತರದ ಕೊಕ್ಕರೆಗಳು. ಊರಿನ ಕಸ ತಿಂದು ಬದುಕುತ್ತಿದ್ದ ಅವು ಗವರ್ನಮೆಂಟ್ ಹೌಸ್ ದ್ವಾರದ ಸಿಂಹಗಳ ತಲೆಯ ಮೇಲೂ ಗಂಟೆಗಟ್ಟಲೆ ನಿಲ್ಲುತ್ತಿದ್ದವಂತೆ. ಆಮೇಲೆ ಇಂದಿನ ಫೋಟೊ ಒಂದನ್ನು ಪಕ್ಕಕ್ಕಿಡಿ. ಸಿಂಹ ಹಾಗೇ ಇದೆ. ಹರ್ಗಿಲಾ ಕೋಲ್ಕತ್ತಾ ಬಿಟ್ಟು ಎಷ್ಟೋ ಕಾಲವಾಯಿತು, ಈಗ ಅದನ್ನು ನೋಡಲು ಅಸ್ಸಾಂ ಅಥವಾ ಬಿಹಾರಕ್ಕೆ ಹೋಗಬೇಕು. ರಸ್ತೆಯಿಂದ ಮನೆಯನ್ನು ಹುಡುಕಿದರೆ ಬೇಲಿಯಾಚೆ ಮೊದಲು ಕಣ್ಣಿಗೆ ಬೀಳುವುದು ಮರಗಳು.